ಪೂನಮ ಬೆರಳಿಟ್ಟ ಫೋಟೋ

ಅನಗೋಳ, ಬೆಳಗಾವಿ
೧೧ ಮಾರ್ಚ್ ೨೦೦೧, ರವಿವಾರ

ಪ್ರೀತಿಯ ನೀಲಾ,

ನಿನ್ನ ಕೈ ಹೇಗಿವೆ? ಬಿರುಕು ಮಾಯ್ದವೇ? ನೀನು ಕೆಲಸ ಮಾಡುವ ಮುದುಕರ ಮನೆಯಲ್ಲಿ ಒಬ್ಬೊಬ್ಬರನ್ನು ಮುಟ್ಟಿದ ಮೇಲೂ ಔಷಧದ ಸೋಪಿನಿಂದ ಕೈ ತೊಳೆಯಬೇಕು, ಚಳಿಗೆ ಬೆರಳ ಸಂದಿ ಸೀಳಿ ರಕ್ತ ಬರುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ನಂದಗಡಕ್ಕೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಾಸಿ ಹಚ್ಚಿಕೊಳ್ಳಲಿ ಎಂದಳು. ಆಮೇಲೆ ತಾನೇ, "ಹಳದೀ ಕೈ ನೋಡಿ ಆ ಬಿಳೀ ಮುದಕ್ಯಾರು ಅಂಜ್ಯಾರು, ಬ್ಯಾಡ ಬಿಡು" ಅಂದಳು. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯೋ ಇಲ್ಲವೋ? ಕಳೆದ ಫೋಟೋದಲ್ಲಿ ನಿನ್ನ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದವು. ನಿನ್ನನ್ನು ತನ್ನ ಮಗಳೆಂದು ತಿಳಿದು ಮಾರ್ಗರೆಟ್ ಎಂದು ಕರೆಯುವ ಆ ಅಜ್ಜಿ ಹೇಗಿದ್ದಾಳೆ? ಅವಳು ಕರೆದಾಗ ನೀನು 'ಓ' ಅನ್ನುತ್ತೀಯಂತೆ. ಒಳ್ಳೆಯದು ಮಾಡಿದೆ. ಯಾರದೋ ತಾಯಿ, ಪಾಪ.

ನಿನ್ನ ಹೋದ ಪತ್ರ ನನ್ನ ಕಿಸೆಯಲ್ಲೇ ಇದೆ. ಕಾಲೇಜಿಗೆ ಬೀಗ ಬಿದ್ದಿದೆ, ಹುಡುಗ ಹುಡುಗಿಯರೆಲ್ಲ ಕೆಳಗಿನ ಜಮಖಾನೆ ಅಂಗಡಿಯ ಮುಂದೆ ಮಳೆಯಲ್ಲಿ ನಿಂತು ಮೇಲಿನ ಕಾಲೇಜಿನ ಕಿಟಕಿ ನೋಡುತ್ತಿದ್ದೆವು ಎಂದು ಬರೆದಿದ್ದೀಯ. ಓದಲು ಬಂದವರ ವೀಸಾ ಓದುವ ತನಕ ಮಾತ್ರ. ಏಪ್ರಿಲ್ ಮುಗಿಯುವುದರೊಳಗೆ ಬೇರೆ ಕಾಲೇಜು ಸೇರದಿದ್ದರೆ ಆ ದೇಶ ಬಿಡಬೇಕು. ಮುದುಕರ ಮನೆಯವರು ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡು ಎಂದು ಗಂಟು ಬಿದ್ದಿದ್ದಾರೆ, ಆದರೆ ವಿದ್ಯಾರ್ಥಿಗೆ ವಾರದಲ್ಲಿ ಇಷ್ಟೇ ಗಂಟೆ ಎಂಬ ಮಿತಿ ಇದೆ. ಅದನ್ನು ಮೀರಿದ ನಿನ್ನ ಜೊತೆಯ ಕೇರಳದ ಹುಡುಗಿಯನ್ನು ತಿರುಗಿ ವಿಮಾನ ಹತ್ತಿಸಿ ಕಳಿಸಿದರು. ಇಷ್ಟೆಲ್ಲ ಬರೆದು ಕೊನೆಗೆ, "ಬರಲೋ, ಇಲ್ಲೇ ಇರಲೋ? ನೀವೇ ಹೇಳ್ರಿ" ಎಂದು ಕೇಳಿದ್ದೀಯ. ಹೇಳುತ್ತೇನೆ. ಅದಕ್ಕಿಂತ ಮೊದಲು ಚೆನ್ನೈಯ ವೀಸಾ ಕಚೇರಿಯಲ್ಲಿ ಏನಾಯಿತೆಂದು ನಿನಗೆ ತಿಳಿಯಬೇಕು. ಫೋನಿನಲ್ಲಿ 'ಆಗಲಿಲ್ಲ' ಎಂದಷ್ಟೇ ಹೇಳಿದ್ದೆ. ದುಂಡಪ್ಪನ ಎಸ್‌ಟಿಡಿ ಬೂತಿನ ಬಾಗಿಲಲ್ಲಿ ಅವತ್ತು ಜನ ಕಿವಿಗೊಟ್ಟು ನಿಂತಿದ್ದರು.

ವಿದ್ಯಾರ್ಥಿನಿಯ ಗಂಡ ಮತ್ತು ಮಗು ಅವಳ ಜೊತೆ ಹೋಗಿ ಇರಬಹುದು, ಗಂಡ ಅಲ್ಲಿ ದುಡಿಯಲೂಬಹುದು ಎಂಬ ನಿಯಮವನ್ನೇ ನಂಬಿ ನಾವು ಕಾದಿದ್ದೆವು. ಖಡೇಬಜಾರದಲ್ಲಿ ವೀಸಾ ಕೆಲಸ ನೋಡಿಕೊಳ್ಳುವ ಬಾಳಾಸಾಹೇಬ ಹೇಳಿದ ಮೇಲೆಯೇ ನಾನು ಫೌಂಡ್ರಿಗೆ ರಾಜೀನಾಮೆ ಕೊಟ್ಟೆನೆಂಬುದು ನಿನಗೆ ಗೊತ್ತು. "ನೌಕರಿ ಬಿಟ್ಟ ಕಾಗದಾ ಲಗತ್ತು ಮಾಡ್ರಿ. ಇವರು ಹೊಂಟ ನಿಂತಾರ ಅಂತ ಅವರಿಗೆ ಖಾತ್ರಿ ಆಗತೈತಿ" ಎಂದಿದ್ದ. ಪೂನಮ ಕಾಂತಾಳನ್ನು ಬಿಟ್ಟು ಒಂದು ಗಳಿಗೆ ಇರುವುದಿಲ್ಲ, ಆದ್ದರಿಂದ ಕಾಂತಾಳನ್ನೂ ಕರೆದುಕೊಂಡು ಹೋದೆ. ನನ್ನ ಈ ತಂಗಿ ಖಾನಾಪುರ ತಾಲೂಕು ದಾಟಿದ್ದು ಕೂಸಿನ ಸಲುವಾಗಿ ಬೆಳಗಾವಿಗೆ ಬಂದಾಗ ಮಾತ್ರ. ರೈಲು ಹತ್ತಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಕಿಟಕಿಯಿಂದ ಎಮ್ಮೆ, ಬಾಳೆ, ಸಮುದ್ರದಂಥ ಕೆರೆ ತೋರಿಸುತ್ತ ಪೂನಮಳನ್ನು ನಗಿಸಿದಳು.

ಕಚೇರಿಯೊಳಗೆ ನನ್ನನ್ನು ಮತ್ತು ಪೂನಮಳನ್ನು ಮಾತ್ರ ಬಿಟ್ಟರು. ಕಾಂತಾ ಹೊರಗೆ ಬೇವಿನ ಮರದ ಕೆಳಗೆ ಕುಳಿತಳು. ಗಾಜಿನ ಆಚೆ ಒಬ್ಬಳು ಬಿಳಿ ಅಧಿಕಾರಿ, ನಿನ್ನ ವಯಸ್ಸಿನವಳೇ ಇರಬೇಕು. ಬಾಜುಕ ಕನ್ನಡ ಬಲ್ಲ ಒಬ್ಬ ತಮಿಳು ಹೆಂಗಸು. ಇಬ್ಬರೂ ಕೆಟ್ಟವರಲ್ಲ ನೀಲಾ. ಪೂನಮಳಿಗೆ ಕೈ ಬೀಸಿದರು, ಒಂದು ಪೆನ್ಸಿಲ್ ಕೊಟ್ಟರು. ನಮ್ಮ ಲಗ್ನದ ದಾಖಲೆ, ನಿನ್ನ ಕಾಲೇಜಿನ ಪತ್ರ, ಎಲ್ಲವನ್ನೂ ಸಮಾಧಾನದಿಂದ ನೋಡಿದರು. ಅಧಿಕಾರಿ ಆ ಕಾಲೇಜಿನ ಪತ್ರ ತಿರುವುತ್ತಿದ್ದ ವಾರವೇ ಅಲ್ಲಿ ಬೀಗ ಬಿದ್ದಿತ್ತೆಂದು ನಿನ್ನ ಪತ್ರ ಬಂದ ಮೇಲೆ ತಿಳಿಯಿತು.

ಫೈಲಿನಲ್ಲಿ ನಮ್ಮದೊಂದು ಫೋಟೋ ಇಟ್ಟಿದ್ದೆ. ಪೂನಮಳ ಮೊದಲ ಹುಟ್ಟುಹಬ್ಬಕ್ಕೆ ನಂದಗಡದಲ್ಲಿ ತೆಗೆಸಿದ್ದು. ನಡುವೆ ನೀನು, ನಿನ್ನ ತೊಡೆಯ ಮೇಲೆ ಕೂಸು, ಹಿಂದೆ ನಾನು ಮತ್ತು ಕಾಂತಾ. ಎಲ್ಲರೂ ಇರುವ ಫೋಟೋ ಅದೊಂದೇ ಎಂದು ಇಟ್ಟೆ. ಅಧಿಕಾರಿ ಅದನ್ನು ಗಾಜಿನ ಕೆಳಗಿನ ಸಂದಿಯಿಂದ ಪೂನಮಳ ಕಡೆಗೆ ಸರಿಸಿದಳು. ತಮಾಷೆಗೆ ಇದ್ದೀತು, ಅಥವಾ ಪರೀಕ್ಷೆಗೂ ಇದ್ದೀತು. ತಮಿಳು ಹೆಂಗಸು, "ಪುಟ್ಟಿ, ಇದರಲ್ಲಿ ನಿನ್ನ ಅಮ್ಮ ಯಾರು ತೋರಿಸಮ್ಮಾ" ಎಂದು ಕೇಳಿದಳು. ಪೂನಮ ನನ್ನ ಮುಖ ನೋಡಿದಳು. ನಮ್ಮ ಕಡೆ ಅವ್ವ ಅಂತೇವ್ರಿ, ಅಮ್ಮ ಅಂದರೆ ಅವಳಿಗೆ ತಿಳಿಯೂದಿಲ್ಲ ಎಂದು ನಾನೇ ಹೇಳಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆ ಹೆಂಗಸು ನಕ್ಕು, "ಹಾಗಾದರೆ ನಿನ್ನ ಅವ್ವ ಯಾರು?" ಎಂದು ಮತ್ತೆ ಕೇಳಿದಳು. ಪೂನಮ ತಟ್ಟನೆ ಕಾಂತಾಳ ಮುಖದ ಮೇಲೆ ಬೆರಳಿಟ್ಟಳು.

ಅಧಿಕಾರಿ ನಿನ್ನ ಮೇಲೆ ತನ್ನ ಬೆರಳಿಟ್ಟಳು. ಇವರು ಯಾರು ಎಂದು ಕೇಳಿಸಿದಳು. ಪೂನಮ ಬಹಳ ಹೊತ್ತು ನೋಡಿ, "ಅಕಿ ಫೋನಿನ ಬಾಯಿ" ಎಂದಳು. 'ಬಾಯಿ' ಎಂದರೆ ನಮ್ಮಲ್ಲಿ ಹೆಂಗಸು ಎಂದು ಆ ತಮಿಳು ಹೆಂಗಸಿಗೆ ತಿಳಿಯಲಿಲ್ಲ. ಅವಳು ಏನೆಂದು ಇಂಗ್ಲಿಷಿನಲ್ಲಿ ಹೇಳಿದಳೋ, ಅಧಿಕಾರಿಯ ನಗು ನಿಂತಿತು.

ಆಮೇಲೆ ಪ್ರಶ್ನೆಗಳು ಬೇರೆಯಾದವು. ನಿಮ್ಮ ಜೊತೆ ಬಂದಿರುವ ಹೆಂಗಸು ಯಾರು? ಅವಳು ಈ ಮಗುವಿನ ತಾಯಿಯೇ? ಹೆಂಡತಿಯ ಜೊತೆ ನೀವು ಕೊನೆಗೆ ಇದ್ದದ್ದು ಯಾವಾಗ? ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೂಸು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ನೀನು ವಿಮಾನ ಹತ್ತಿದೆ, ಅಂದಿನಿಂದ ಸಾಕಿದವಳು ಅದರ ಸೋದರತ್ತೆ, ಮಗುವಿಗೆ ತಾಯಿಯ ನೆನಪಿಲ್ಲ, ಅದಕ್ಕೇ ತಾಯಿಯ ಹತ್ತಿರ ಕರೆದೊಯ್ಯಲು ಬಂದಿದ್ದೇನೆ ಎಂದೆ. ಅವಳು ನಂಬಿದಳೆಂದೇ ನನಗೆ ಅನ್ನಿಸಿತು. ಕಣ್ಣಲ್ಲಿ ಮರುಕ ಇತ್ತು. ಆದರೆ ಕೊನೆಯ ಪ್ರಶ್ನೆ ಕೇಳಿದಳು: ಹೆಂಡತಿ ಅಲ್ಲಿದ್ದಾಳೆ, ಮಗುವೂ ಅಲ್ಲಿಗೆ ಹೊರಟಿದೆ, ಇಲ್ಲಿ ನೌಕರಿ ಬಿಟ್ಟಿದ್ದೀರಿ, ಓದು ಮುಗಿದ ಮೇಲೆ ತಿರುಗಿ ಬರಲು ನಿಮಗೆ ಇಲ್ಲಿ ಏನು ಉಳಿದಿದೆ? ನಾನು ಅವ್ವ ಇದ್ದಾಳೆ ಎಂದೆ, ಊರಲ್ಲಿ ಕುರಿ ಇವೆ ಎಂದೆ. ಅಷ್ಟು ಸಾಲಲಿಲ್ಲ. ತಿರುಗಿ ಬರುತ್ತೇವೆಂದು ಖಾತ್ರಿಯಾಗದೆ ಅವರು ಕಳಿಸುವುದಿಲ್ಲ. ಬಾಳಾಸಾಹೇಬ ಹೇಳಿದ ಖಾತ್ರಿ ತಿರುಗಾಮುರುಗಾ ಆಗಿತ್ತು.

ಹೊರಗೆ ಬಂದಾಗ ಕಾಂತಾ ಎದ್ದು ನಿಂತು, "ಆತೇನ ಅಣ್ಣಾ?" ಎಂದು ಕೇಳಿದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಪೂನಮ ಓಡಿಹೋಗಿ ಅವಳ ಸೊಂಟಕ್ಕೆ ಜೋತುಬಿದ್ದು ಪೆನ್ಸಿಲ್ ತೋರಿಸಿದಳು.

ನಾನು ನೆಟ್ಟಗೆ ಮನೆಗೆ ಬರದೆ, ಅವರಿಬ್ಬರನ್ನು ಬೆಳಗಾವಿಯಲ್ಲಿ ಇಳಿಸಿ ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆ. ನಿನ್ನ ಅಪ್ಪನಿಗೆ ಬೇರೆಯವರ ಬಾಯಿಂದ ತಿಳಿಯಬಾರದೆಂದು. ಮಾವ ಸ್ಟ್ಯಾಂಡಿನ ಎದುರು ಚಹಾದಂಗಡಿಯಲ್ಲೇ ಸಿಕ್ಕರು. ಅಳಿಯ ಮೊಮ್ಮಗಳೂ ಹೊರಟರೆಂದು ಅವರು ಅಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ನನ್ನ ಮಾತು ಕೇಳಿ ಕಪ್ಪು ಕೆಳಗಿಟ್ಟರು. "ಗಂಡ ಹೇಂತೀ ಕಡೆ ಹೋಗಾಕೂ ಚೀಟಿ ಬೇಕೇನಪಾ?" ಎಂದು ಒಂದೇ ಮಾತು ಕೇಳಿದರು. ಪಕ್ಕದವನು ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸಿದ. ತಾರೀಖು ಮುಂದೆ ಹೋಗಿದೆ ಎಂದು ಮಾವ ಸುಳ್ಳು ಹೇಳಿದರು. ಊರಿನ ಬೇರೆಯವರಿಗೆ ಬರೆದರೆ ನೀನೂ ಹಾಗೇ ಬರೆ.

ಉದ್ಯಮಬಾಗದ ನನ್ನ ಹಳೇ ಫೌಂಡ್ರಿಗೂ ಹೋಗಿದ್ದೆ. ಮಾಲೀಕರು ಕುಂದರ್ರಿ ಎಂದರು, ಮೊದಲೆಲ್ಲ ನನಗೆ ಬಾ, ಹೋಗು ಅನ್ನುತ್ತಿದ್ದವರು. ನಾನು ಹೊರಗಿನವನಾದೆನೆಂದು ಆಗಲೇ ತಿಳಿಯಿತು. "ನಿಮ್ಮ ಜಾಗಾದಾಗ ಬ್ಯಾರೆಯಾಂವ ಬಂದಾನಲ್ರಿ ಲಕ್ಷ್ಮಣ. ಹಾರಾ ಹಾಕಿ ಕಳಿಸಿದ್ವಿ, ಈಗ ಹ್ಯಾಂಗ ಮಾಡೂದು?" ಅವರದೂ ತಪ್ಪಲ್ಲ. ಈಗ ಅದೇ ರಸ್ತೆಯ ತುದಿಯ ಒಂದು ಸಣ್ಣ ಶೆಡ್ಡಿನಲ್ಲಿ, ಎರಕ ಹೊಯ್ದ ಬಿಡಿಭಾಗಗಳ ಒರಟು ಅಂಚು ತಿಕ್ಕುವ ಕೆಲಸಕ್ಕೆ ಹೋಗುತ್ತಿದ್ದೇನೆ. ನನ್ನ ಕೈಕೆಳಗೆ ಕಲಿತವರು ಬೈಕಿನ ಮೇಲೆ ಎದುರಾದರೆ ನೋಡದ ಹಾಗೆ ಹೋಗುತ್ತಾರೆ. ನನಗೆ ನಾಚಿಕೆಯಾಗದಿರಲಿ ಎಂದು ಹಾಗೆ ಮಾಡುತ್ತಾರೆಂದು ಗೊತ್ತು. ನಿನ್ನ ಹಳೆಯ ಆಸ್ಪತ್ರೆಯಲ್ಲೂ ಕೇಳಿದೆ. ಈಗ ಹೊಸ ಹುಡುಗಿಯರನ್ನು ಆರು ತಿಂಗಳ ಕರಾರಿನ ಮೇಲೆ ತೆಗೆದುಕೊಳ್ಳುತ್ತಾರೆ, ಬಿಟ್ಟು ಹೋದವರನ್ನು ಮತ್ತೆ ಸೇರಿಸುವುದಿಲ್ಲವಂತೆ.

ಇನ್ನೊಂದು ಸುದ್ದಿ. ಕಾಂತಾಳಿಗೆ ವರ ನೋಡಿದ್ದೇವೆ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಸೋಮಲಿಂಗ ಎಂದು ಹೆಸರು. ಮೆತ್ತಗಿನ ಮನುಷ್ಯ. ನಂದಗಡಕ್ಕೆ ಬಂದು ನೋಡಿ ಒಪ್ಪಿ ಹೋದರು. ಅವ್ವನಿಗೆ ಬಹಳ ಸಂತೋಷ. ಮೇ ತಿಂಗಳಲ್ಲಿ ಲಗ್ನ ಮಾಡಿದರೆ ಪೂನಮಳನ್ನು ನಂದಗಡಕ್ಕೆ ಕಳಿಸಿ ಅವ್ವನ ಹತ್ತಿರ ಬಿಡುತ್ತೇನೆ. ಕೆಲವು ದಿನ ಅತ್ತಾಳು, ಆಮೇಲೆ ಹೊಂದಿಕೊಂಡಾಳು. ಒಮ್ಮೆ ಹೊಂದಿಕೊಂಡವಳಲ್ಲವೇ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಬರಬೇಡ ನೀಲಾ. ಹೇಗಾದರೂ ಬೇರೆ ಕಾಲೇಜು ಹುಡುಕಿ ಸೇರಿಕೋ, ಡಿಪ್ಲೊಮಾ ಮುಗಿಸು. ಕೈಯಲ್ಲಿ ಏನೂ ಇಲ್ಲದೆ ಬಂದರೆ ಇಲ್ಲಿ ನಿನಗೂ ಕೆಲಸವಿಲ್ಲ, ನನಗೂ ಇದ್ದೂ ಇಲ್ಲದಂತೆ. ಗಂಟೆಯ ಮಿತಿ ಮಾತ್ರ ಮೀರಬೇಡ. ಯಾರು ಎಷ್ಟೇ ಒತ್ತಾಯ ಮಾಡಲಿ, ಆ ಕೇರಳದ ಹುಡುಗಿಯನ್ನು ನೆನಪಿಡು. ಎರಡು ವರ್ಷ ಕಳೆದವು, ಇನ್ನೆರಡು ಕಳೆದಾವು. ಇದರಲ್ಲಿ ನನಗೆ ಬಹಳ ನಂಬಿಕೆ ಇದೆಯೆಂದು ಸುಳ್ಳು ಹೇಳಲಾರೆ. ಆದರೆ ಬೇರೆ ದಾರಿ ನನಗೆ ಹೊಳೆಯುತ್ತಿಲ್ಲ.

ಅವ್ವ ನಿನ್ನ ನೆತ್ತಿಯ ಮೇಲೆ ಕೈ ಇಟ್ಟಂತೆ ತಿಳಿ ಎಂದಿದ್ದಾಳೆ. ಮಾವ ಗಟ್ಟಿಯಾಗಿದ್ದಾರೆ, ಕೆಮ್ಮು ಕಡಿಮೆ. ನೀನು ಬೆಚ್ಚಗಿರು, ಉಪವಾಸ ಬೀಳಬೇಡ.

ನಿನ್ನವನೇ ಆದ
ಲಕ್ಷ್ಮಣ

ತಾ.ಕ. ಸೋಮವಾರ ಮುಂಜಾನೆ, ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿದ್ದನ್ನು ಹರಿದೆ. ಹೊರಡುವಾಗ ಕಾಂತಾ ಪೂನಮಳ ತಲೆ ಬಾಚುತ್ತಿದ್ದಳು. ಲಗ್ನವಾದ ಮೇಲೆ ಕೂಸು ನಂದಗಡದಲ್ಲಿರಲಿ ಎಂದು ನಿನಗೆ ಬರೆದದ್ದನ್ನು ಅವಳಿಗೆ ಹೇಳಿದೆ. ಅವಳು ಹಣಿಗೆ ಕೆಳಗಿಟ್ಟಳು. "ಸೋಮಲಿಂಗನ ಮನಿಯವರಿಗೆ ಬ್ಯಾಡ ಅಂತ ಹೇಳಿ ಕಳಿಸೀನಿ ಅಣ್ಣಾ. ಕೂಸಿನ್ನ ಬಿಟ್ಟ ನಾ ಎಲ್ಲೂ ಹೋಗೂದಿಲ್ಲ. ಚೆನ್ನೈದಾಗ ಹೊರಗ ಕುಂತು ಏನ ಬೇಡ್ಕೊಂಡ್ನಿ ಗೊತ್ತೈತೇನ? ಕಾಗದಾ ಆಗದಿರಲಿ ಅಂತ. ಖರೇ ಹೇಳತೀನಿ, ಬೇಕಾದ್ರ ಹೊಡಿ" ಎಂದಳು. ಹೊಡೆಯಲಿಲ್ಲ. ನನಗೆ ಸಿಟ್ಟೇ ಬರಲಿಲ್ಲ. ನೀಲಾ, ನಾನೂ ಅವಳಂಥವನೇ. ಬರಬೇಡ ಎಂದು ಮೇಲೆ ಬರೆದದ್ದಕ್ಕೆ ನೌಕರಿ, ಡಿಪ್ಲೊಮಾ ಕಾರಣವಲ್ಲ. ನೀನು ಬಂದು ಕೈ ಚಾಚಿ, ಪೂನಮ ನಿನ್ನ ಹತ್ತಿರ ಬಾರದೆ ಕಾಂತಾಳ ಹಿಂದೆ ಅಡಗಿಕೊಂಡರೆ, ಅದನ್ನು ನಿಂತು ನೋಡುವ ಧೈರ್ಯ ನನಗಿಲ್ಲ. ಅದಕ್ಕೇ ಬರಬೇಡ ಎಂದೆ. ಈಗ ಖರೇ ಮಾತು ತಿಳಿಯಿತಲ್ಲ, ಬರುವುದೋ ಇರುವುದೋ ನೀನೇ ನಿರ್ಧರಿಸು. ಬಂದರೆ ಅವಳು ನಿನ್ನವಳಾಗುತ್ತಾಳೆಂದು ಭರವಸೆ ಕೊಡಲಾರೆ; ಬಾರದಿದ್ದರೆ ಆಗುವುದಿಲ್ಲ ಎಂಬುದಂತೂ ಖಾತ್ರಿ. ಇದಕ್ಕೆ ಉತ್ತರ ಕಾಗದದಲ್ಲೇ ಬರೆ, ಫೋನ್ ಮಾಡಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ, ಎಲ್ಲಾ ಆರಾಮ ಐತಿ ಅಂದುಬಿಡುತ್ತೇನೆ.