ಮಾವನ ಮಂಚದಲ್ಲಿ ಇದ್ರೀಸ್

ಹವಲ್ಲಿ, ಕುವೈತ್
೧೨ ನವೆಂಬರ್ ೧೯೭೮

ಪ್ರೀತಿಯ ಮಾವನಿಗೆ ಯಶೋಧರನ ನಮಸ್ಕಾರಗಳು.

ನಿಮ್ಮ ಸೊಂಟನೋವು ಹೇಗಿದೆ? ಅಮ್ಮನ ಕೆಮ್ಮು ಕಡಿಮೆಯಾಯಿತಾ? ತಂಗಿ ಸುಗಂಧಿಯ ಮದುವೆ ಗೊತ್ತುಮಾಡಲೆಂದೇ ರಜೆ ಹಾಕಿ ಹೋದಿರಿ. ಗಂಡು ಒಪ್ಪಿಗೆಯೇ ಎಂದು ಅವಳನ್ನೂ ಒಂದು ಮಾತು ಕೇಳಿ. ಹೆಣ್ಣಿನ ಮಾತೂ ನಡೆಯಬೇಕೆಂದು ಕರಪತ್ರ ಹಂಚಿದವನಲ್ಲವೇ ನಾನು? "ನಿನ್ನ ಕರಪತ್ರ ಬೇಯಿಸಿದರೆ ಗಂಜಿಯಾಗುತ್ತದಾ ಮಾರಾಯ?" ಎಂದು ನೀವು ಅಲ್ಲಿಂದಲೇ ಗದರುವುದು ಇಲ್ಲಿಗೆ ಕೇಳುತ್ತಿದೆ.

ನಾನು ಸೌಖ್ಯ. ಆದರೆ ಕಾಲೇಜಿನಲ್ಲಿ ಸೌಖ್ಯವಿಲ್ಲ. ನನ್ನ ಸಹಪಾಠಿ ಇದ್ರೀಸ್ ನೆನಪಿದ್ದಾನಲ್ಲ, ಎರಿಟ್ರಿಯಾದವನು? ಒಂದು ಶುಕ್ರವಾರ ನಮ್ಮ ರೂಮಿಗೆ ಬಂದು, ನಿಮ್ಮ ಬಂಗುಡೆ ಸಾರಿನ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮತ್ತೆ ಮತ್ತೆ ಅನ್ನ ಬಡಿಸಿಕೊಂಡವನು. ಅವನಿಗೆ ಕಾಮಾಲೆ. ವಿಶ್ರಾಂತಿ, ಪಥ್ಯ ಸಾಕು ಎಂದರು ಡಾಕ್ಟರು. ಹಾಸ್ಟೆಲಿನ ಮೇಲಧಿಕಾರಿ, ಆ ಮುದೀರ್ ಮಾತ್ರ, "ನೀವೆಲ್ಲ ಬಂದದ್ದು ಓದಲಿಕ್ಕೆ, ಮಲಗಲಿಕ್ಕಲ್ಲ. ಅವನನ್ನು ಊರಿಗೆ ಕಳಿಸಿ, ಖಲಾಸ್!" ಎಂದುಬಿಟ್ಟ. ಊರೆಂದರೆ ಯಾವುದು ಮಾವ? ಅಲ್ಲಿ ಯುದ್ಧ. ಅವನ ಅಣ್ಣನನ್ನು ಎಳೆದೊಯ್ದವರು ಇವನನ್ನು ಬಿಡುತ್ತಾರಾ? ಪರದೇಶದ ಹುಡುಗರನ್ನು ಕರೆಸಿ ಓದಿಸುವುದು ದೊಡ್ಡ ಗುಣ, ನಿಜ. ಆದರೆ ಆರೋಗ್ಯವಾಗಿರುವವರೆಗೆ ಮಾತ್ರ ಅತಿಥಿ ಎಂದರೆ ಅದು ಯಾವ ನ್ಯಾಯ? ನಾವು ಪರದೇಶಿಗಳು ಒಂದು ಸಹಾಯ ಕೂಟ ಕಟ್ಟಿದ್ದೇವೆ. ಕ್ಯಾಂಟೀನಿನಲ್ಲಿ ನನ್ನ ಭಾಷಣಕ್ಕೆ ಭರ್ಜರಿ ಚಪ್ಪಾಳೆ ಬಿತ್ತು. ಮುದೀರನ ಬಾಗಿಲಿಗೆ ಹೋಗುವ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಕ್ಲಾಸಿನ ನೆನಪಾಯಿತು. ನಾನೊಬ್ಬನೇ ಹೋದೆ. ಇಲ್ಲಿ ನೆಲೆಸಲು ಇಕಾಮಾ ಪರವಾನಗಿ ಇರುವ ಹಿರಿಯರೊಬ್ಬರು ಹೊಣೆ ಹೊತ್ತರೆ ಗುಣವಾಗುವವರೆಗೆ ಅವರ ಮನೆಯಲ್ಲಿರಲಿ ಎಂದು ಕೊನೆಗೆ ಒಪ್ಪಿದ.

ಹಾಗಾಗಿ ಇದ್ರೀಸ್ ಈಗ ನಮ್ಮ ರೂಮಿನಲ್ಲಿ, ನಿಮ್ಮ ಮಂಚದಲ್ಲಿದ್ದಾನೆ. ನಿಮ್ಮ ರೂಮ್‌ಮೇಟ್ ಕಾಸಿಂ ಕುಂಞಿ ರೇಗಿದ. "ರಜೆಗೆ ಹೋದವನ ಮಂಚದಲ್ಲಿ ನಾವು ಯಾರಾದರೂ ಕೂತದ್ದುಂಟಾ? ಎಂಥಾ ಧೈರ್ಯ ನಿನ್ನದು!" ಎಂದ. ಮರುದಿನ ಡ್ಯೂಟಿಗೆ ಹೊರಡುವ ಮೊದಲು ಅವನೇ ಗಂಜಿ ಬೇಯಿಸಿಟ್ಟು, "ಎಬ್ಬಿಸು ನಿನ್ನ ಕ್ರಾಂತಿಯನ್ನು, ಆರಿಹೋಗುತ್ತದೆ" ಎಂದ. ಆದರೂ ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ ಮೂವರೂ ಮಾತು ನಿಲ್ಲಿಸುತ್ತೇವೆ.

ಅಮ್ಮನ ಪಾದಕ್ಕೆ ನಮಸ್ಕಾರ. ಸುಗಂಧಿಗೆ ನನ್ನ ಪ್ರೀತಿ ತಿಳಿಸಿ, ಹೆದರಬೇಡ ಎನ್ನಿ. ನಿಮ್ಮ ಆಶೀರ್ವಾದ ಎಂದಿಗಿಂತ ಈಗ ಹೆಚ್ಚು ಬೇಕು.

ನಿಮ್ಮ ಅಳಿಯ,
ಯಶೋಧರ

ತಾ.ಕ.: ಊರಿಗೆ ಹೊರಟವರು ಈ ಪತ್ರಕ್ಕಾಗಿ ಬಾಗಿಲಲ್ಲೇ ಕಾಯುತ್ತಿದ್ದಾರೆ, ಇನ್ನು ಮುಚ್ಚಿಡಲಾರೆ. "ಹೊಣೆ ಯಾರದು?" ಎಂದು ಮುದೀರ್ ಕೇಳಿದಾಗ ನಾನು ನಿಮ್ಮ ಹೆಸರು ಹೇಳಿಬಿಟ್ಟೆ. ಅಳಿಯಸಂತಾನದ ನಮ್ಮ ಮನೆಯಲ್ಲಿ ಶಾಲೆಗೆ ಸೇರಿಸುವಾಗಲೂ ಅಪ್ಪನದಲ್ಲ, ಮಾವನ ಹೆಸರನ್ನೇ ಹೇಳಿದ್ದಲ್ಲವೇ? ಮನೆಯ ಯಜಮಾನಿಕೆ ತೊಲಗಬೇಕೆಂದು ಭಾಷಣ ಮಾಡಿದ ಬಾಯಿಗೆ ಯಜಮಾನರ ಹೆಸರೇ ಮೊದಲು ಬಂತು. ನೀವು ಊರಿನಲ್ಲಿದ್ದೀರಿ ಎಂದು ನಾನು ಹೇಳಲಿಲ್ಲ. ಮುದೀರ್ ನಿನ್ನೆ ನಿಮ್ಮ ಕಂಪನಿಗೆ ಫೋನ್ ಮಾಡಿದ್ದಾನೆ, ನೀವು ರಜೆಯಲ್ಲಿರುವುದು ಅವನಿಗೆ ಗೊತ್ತಾಗಿದೆ. ಹೊಣೆ ನಿಮ್ಮದು ಹೌದೋ ಅಲ್ಲವೋ ಎಂದು ಈ ತಿಂಗಳು ಮುಗಿಯುವುದರೊಳಗೆ ನೀವೇ ಕಾಲೇಜಿಗೆ ತಂತಿ ಕೊಡಬೇಕಂತೆ. ಹೌದೆಂದರೆ ಇದ್ರೀಸ್ ಉಳಿಯುತ್ತಾನೆ, ಆದರೆ ತನ್ನನ್ನು ಕೇಳದೆ ಹೊಣೆ ಹೊತ್ತಿರೆಂದು ನಿಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಕೆರಳಿದರೆ ನಿಮ್ಮ ಇಕಾಮಾಕ್ಕೇ ಸಂಚಕಾರ. ಅದೂ ಸುಗಂಧಿಯ ಮದುವೆಯ ಹೊತ್ತಿನಲ್ಲಿ. ಇಲ್ಲವೆಂದರೆ, ಸುಳ್ಳು ಹೇಳಿದವನು ನಾನೇ ಎಂದು ಒಪ್ಪಿಕೊಂಡು ಅವನ ಜೊತೆಗೇ ಏರ್‌ಪೋರ್ಟಿಗೆ ನಡೆಯುತ್ತೇನೆ. ಯಾವುದು ಸರಿ ಎಂದು ನನ್ನ ಯಾವ ಕರಪತ್ರದಲ್ಲೂ ಇಲ್ಲ. "ನಿನ್ನ ಮಾವ ಬಂದರೆ ನಾನೆಲ್ಲಿ ಮಲಗಲಿ?" ಎಂದು ಇದ್ರೀಸ್ ಈಗಷ್ಟೇ ಕೇಳಿದ. "ಅದನ್ನು ಅವರೇ ಬಂದು ಹೇಳುತ್ತಾರೆ" ಎಂದೆ.