ನಡುವಿನ ದಿಂಬು

ಅದೇ ಕಣೇ, ನಿನ್ನೆ ಬರೆಯುತ್ತಾ ಅರ್ಧಕ್ಕೆ ಬಿಟ್ಟೆನಲ್ಲ, ಆ ನಿದ್ದೆಯ ಪರೀಕ್ಷೆಯ ಫಲಿತಾಂಶ ಇವತ್ತು ಬಂತು. ನನ್ನ ಹಾಗೆ ಕನಸಿನಲ್ಲಿ ಕೂಗಿ ಒದೆಯುವವರಿಗೆ ಮುಂದೆ ಮರೆವಿನ ಕಾಯಿಲೆ ಬರಬಹುದು ಎಂದು ಡಾಕ್ಟರು ಹೇಳಿದಂದಿನಿಂದ ಮಗಳಿಗೆ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ನಾನೂ ಬೆಳಿಗ್ಗೆ ಎದ್ದೊಡನೆ ನಿನ್ನ ಹೆಸರು ಹೇಳಿಕೊಂಡು ನೋಡುತ್ತಿದ್ದೆ, ನೆನಪಿದೆಯೋ ಇಲ್ಲವೋ ಎಂದು.

"ಸರ್, ಮೈ ಬ್ರೈನ್ ಈಸ್ ಪಾಸ್ ಆರ್ ಫೇಲ್?" ಎಂದು ಕಾಲೇಜಿನ ಇಂಗ್ಲಿಷು ಬಿಟ್ಟೆ.

ಡಾಕ್ಟರು ನಕ್ಕರು. "ಪಾಸ್, ಯಜಮಾನ್ರೇ! ಇದು ಆ ಕಾಯಿಲೆ ಸೂಚನೆ ಅಲ್ಲ. ನಿದ್ದೇಲಿ ನಿಮಗೆ ಉಸಿರು ಕಟ್ಟುತ್ತೆ, ಅದಕ್ಕೇ ಒದ್ದಾಡ್ತೀರಿ. ಮೂಗಿಗೆ ಈ ಯಂತ್ರ ಹಾಕ್ಕೊಂಡು ಮಲಗಿ, ಒದೆಯೋದು ನಿಲ್ಲುತ್ತೆ."

"ಇಷ್ಟು ಸುಲಭಾನಾ?" ಎಂದಳು ಮಗಳು. "ಅಮ್ಮ ಎಷ್ಟು ಸಲ ಬಡ್ಕೊಂಡ್ಲು, ಡಾಕ್ಟರಿಗೆ ತೋರಿಸ್ಕೊಳ್ಳಿ ಅಂತ!"

ನಾನು ಯಂತ್ರದ ಪಟ್ಟಿ ಬಿಗಿಮಾಡಿ ನೋಡುತ್ತಿದ್ದೆ.

ನನ್ನ ಒದೆತಕ್ಕೆ ಹೆದರಿ ಹಾಸಿಗೆಯ ನಡುವೆ ನೀನು ಇಡುತ್ತಿದ್ದ ಉದ್ದ ದಿಂಬನ್ನು, ನೀನು ಹೋದ ಮೇಲೂ ನಾನು ಕದಲಿಸಿರಲಿಲ್ಲ. ಇನ್ನು ಬೇಡವಲ್ಲ ಎಂದು ಈಗ ಮನೆಗೆ ಬಂದು ತೆಗೆದೆ. ನಿನ್ನ ಕಡೆಯ ಜಾಗ ತೀರಾ ಅಗಲವಾಗಿ ಕಂಡಿತು. ಮತ್ತೆ ಇಟ್ಟೆ.

ಯಂತ್ರ ಹಾಕಿಕೊಂಡರೆ ಥೇಟ್ ಆನೆಮರಿ ಕಣೇ, ನೀನು ನೋಡಬೇಕಿತ್ತು. ನಾಳೆ ಬೆಳಿಗ್ಗೆಯೂ ನಿನ್ನ ಹೆಸರು ಹೇಳುತ್ತೇನೆ, ಸುಮ್ಮನೆ. ಅರೆ, ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.