ಶಿರಾ ತಿನ್ನುವ ಮೊದಲು ಕೇಳಬೇಕಾದ ಮಾತು

ಗದಗ-ಬೆಟಗೇರಿ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು

ಹಿಂದಿನ ಕಾಲದ ಹಿರಿಯರಿಗೆ ನೀಲಗಂಗಾ ಚನ್ನಮಲ್ಲಪ್ಪ ಅಂಗಡಿ ಮಾಡುವ ಶರಣು ಶರಣಾರ್ಥಿ.

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತು ಎಂದು ನೀವು ನಗಬಹುದು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಿಂದ ಒಂದೊಂದು ದಿನ ಕಡ ತಂದು ಈ ಬಡ ತಿಂಗಳಿಗೆ ಕೊಟ್ಟರಂತೆ. ಅದೇಕೆ ಎಂದು ಯಾರೂ ನನಗೆ ಸರಿಯಾಗಿ ಹೇಳಿಲ್ಲ. ಈ ಪತ್ರದಲ್ಲಿ ನಿಮಗೆ ಗುರುತಿಲ್ಲದ ಮಾತುಗಳು ಬಂದರೆ ದಯವಿಟ್ಟು ಸೈರಿಸಿಕೊಳ್ಳಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇದನ್ನು ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಮನೆಗೆ ಒಂದೇ ಒಂದು ಹಿಂದೋಲೆ ಬರೆಯಲು ಅಪ್ಪಣೆಯಿದೆ, ಅದು ಯಾರ ಕೈಗೆ ಬೀಳುತ್ತದೆ ಎಂಬುದು ಬರೆದವರಿಗೂ ತಿಳಿಯದು. ಪಕ್ಕದ ಮನೆಯವರು ತಮ್ಮದನ್ನು ಯಾವ ಹೊಲ ಮಾರಬಾರದು ಎಂದು ಹೇಳಲಿಕ್ಕೆ ಬಳಸಿದರು. ನಾನು ವೈದ್ಯರ ವಿಷಯಕ್ಕೆ ಬಳಸುತ್ತಿದ್ದೇನೆ. ಬೆಳಿಗ್ಗೆ ಮಗಳು ಮುಕ್ತಾ ಬೈದಳು, “ಅವ್ವಾ, ಇದ್ದದ್ದು ಒಂದ ಓಲೆ. ನಮ್ಮ ಸಂಕಟ ತಗೊಂಡು ಅವರೇನ್ ಮಾಡ್ಬೇಕು?” ಎಂದು. ಅವಳ ಮಾತೂ ಸರಿಯೇ. ಆದರೆ ನಾನೀಗ ಕುಳಿತಿರುವುದು ವೈದ್ಯರ ಮನೆಯ ಹೊರಗಿನ ಕಟ್ಟೆಯ ಮೇಲೆ. ಒಳಗೆ ನನ್ನ ಯಜಮಾನರ ರಕ್ತ ನೋಡುತ್ತಿದ್ದಾರೆ. ಅವರ ಮೂತ್ರಪಿಂಡಗಳು ಚೇತರಿಸಿಕೊಳ್ಳುತ್ತವೆಯೋ ಇಲ್ಲವೋ ಎಂಬುದು ಇಂದು ತಿಳಿಯಲಿದೆ. ಕೈ ಸುಮ್ಮನಿದ್ದರೆ ನನಗೆ ಹೆದರಿಕೆ ಹೆಚ್ಚುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ವೈದ್ಯರಿಗೆ ಬರವಿಲ್ಲ. ಮೊಣಕಾಲಿಗೆ ಒಬ್ಬರು, ಎದೆಗೆ ಒಬ್ಬರು, ಎಡಗಿವಿಗೆ ಬೇಕಾದರೂ ಒಬ್ಬರು ಸಿಕ್ಕಾರು. ಅವರನ್ನು ಬಿಡಿವೈದ್ಯರು ಎನ್ನುತ್ತೇವೆ. ಬರವಿರುವುದು ಒಟ್ಟುವೈದ್ಯರಿಗೆ, ಅಂದರೆ ಇಡೀ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಒಳಗಿನ ಕಾಯಿಲೆಗಳನ್ನೆಲ್ಲ ಒಟ್ಟಿಗೆ ನೋಡುವವರಿಗೆ. ನೀವು ಅವರನ್ನು ಫಿಜಿಶಿಯನ್ ಎನ್ನುತ್ತಿದ್ದಿರಂತೆ, ಅವರ ಓದಿಗೆ ಜನರಲ್ ಮೆಡಿಸಿನ್ ಎಂದು ಹೆಸರಿತ್ತಂತೆ. ನಮ್ಮ ಮನೆಯವರಿಗೆ ಕಾಲು ಬಾತುಕೊಳ್ಳತೊಡಗಿದಾಗ ಎದೆಯ ವೈದ್ಯರು ಎದೆ ಗಟ್ಟಿಯಾಗಿದೆ ಎಂದು ಒಂದು ಮಾತ್ರೆ ಕೊಟ್ಟರು, ಮೊಣಕಾಲಿನವರು ನೋವಿಗೆ ಇನ್ನೊಂದು ಕೊಟ್ಟರು, ತಲೆ ತಿರುಗಿದ್ದಕ್ಕೆ ಮತ್ತೊಬ್ಬರು ಮತ್ತೊಂದು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಪಾಲಿನ ಅಂಗ ಚೆನ್ನಾಗಿದೆ ಎಂದು ಹೇಳಿ ಕಳಿಸಿದರು. ಎಲ್ಲ ಅಂಗಗಳೂ ಚೆನ್ನಾಗಿದ್ದ ಮನುಷ್ಯ ಮಾತ್ರ ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದರು.

ಒಟ್ಟುವೈದ್ಯರನ್ನು ಹಿಡಿಯಬೇಕೆಂದರೆ ನಮ್ಮಲ್ಲಿ ವೈದ್ಯ ನೋಡುವ ಶಾಸ್ತ್ರವಾಗಬೇಕು. ಹಿಂದೊಮ್ಮೆ ಯಂತ್ರಗಳೇ ಯಾರಿಗೆ ಯಾವ ವೈದ್ಯರು ಎಂದು ಗೊತ್ತುಮಾಡುತ್ತಿದ್ದವು. ಅದರಿಂದ ಅನಾಹುತವಾದ ಮೇಲೆ ಸರಕಾರ ಹೊಸ ಕಾನೂನು ತಂದಿತು: ರೋಗಿಯ ಮನೆಯವರು ವೈದ್ಯರನ್ನು ಮುಖತಃ ಕಂಡು, ಏನು ಓದಿದ್ದೀರಿ, ಎಲ್ಲಿ ಪಳಗಿದಿರಿ ಎಂದು ಕೇಳಿ, ಒಪ್ಪಿಗೆಯಾದರೆ ಒಂದು ವರ್ಷಕ್ಕೆ ಅವರಿಗೆ ಕಟ್ಟುಬೀಳಬೇಕು. ಕಾನೂನು ಮಾಡಿದವರು ಪ್ರಶ್ನೆ ಕೇಳಲೆಂದು ಮಾಡಿದರು, ನಾವು ಅದಕ್ಕೆ ಉಪ್ಪಿಟ್ಟು ಸೇರಿಸಿದೆವು. ಈಗ ಒಳ್ಳೆಯ ದಿನ ನೋಡಿ, ಹಿರಿಯರನ್ನು ಕರೆದುಕೊಂಡು, ಹೆಣ್ಣು ನೋಡಲು ಹೋದಂತೆ ವೈದ್ಯರ ಮನೆಗೆ ಹೋಗುತ್ತೇವೆ. ಅವರು ಉಪ್ಪಿಟ್ಟು, ಶಿರಾ ಕೊಡುತ್ತಾರೆ. ರೋಗಿ ಶಿರಾ ತಿಂದರೆ ಒಪ್ಪಿಗೆಯಾಯಿತು ಎಂದು ಲೆಕ್ಕ. ಆಮೇಲೆ ವರ್ಷ ಮುಗಿಯುವ ತನಕ ಬೇರೆ ಒಟ್ಟುವೈದ್ಯರು ಅವರ ನಾಡಿ ಸಹ ಮುಟ್ಟುವಂತಿಲ್ಲ.

ಸಂಬಂಧ ಕುದುರಿಸುವುದರಲ್ಲಿ ಹೆಸರಾದ ನಮ್ಮ ಭಾವ, ಯಜಮಾನರ ಅಣ್ಣ ಗುರುಸಿದ್ದಪ್ಪನವರು ಮುಂದಾಳಾಗಿ ನಿಂತು ಡಾಕ್ಟರ್ ಇಂದುಧರ ಸಾಲಿಮಠರ ಮನೆಗೆ ನಮ್ಮನ್ನು ಕರೆದೊಯ್ದರು. ನಮ್ಮ ವೈದ್ಯರ ಬಾಗಿಲ ಮೇಲೆ ಓದಿನ ದೀಪಗಳಿರುತ್ತವೆ. ಬಿಳಿ ದೀಪವೆಂದರೆ ವೈದ್ಯಮಂಡಳಿಯಲ್ಲಿ ಹೆಸರು ದಾಖಲಾಗಿದೆ ಎಂದರ್ಥ. ಹಸಿರು ದೀಪವೆಂದರೆ ಒಟ್ಟುವೈದ್ಯವನ್ನೇ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಕಲಿತು ಪರೀಕ್ಷೆ ಗೆದ್ದಿದ್ದಾರೆ ಎಂದರ್ಥ. ಉಳಿದ ಬಣ್ಣಗಳು ಸಭೆಗೆ ಹೋಗಿ ಬಂದದ್ದಕ್ಕೆ, ವಾರದ ತರಬೇತಿ ಮುಗಿಸಿದ್ದಕ್ಕೆ, ಯಾರೋ ಶಾಲು ಹೊದಿಸಿದ್ದಕ್ಕೆ ಸಿಗುವಂಥವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಕಂಡದ್ದು ಸಾಲಿಮಠರ ಬಾಗಿಲಿನ ಮೇಲೆ ದೀಪಾವಳಿಯಂತೆ ಉರಿಯುತ್ತಿದ್ದ ಸಾಲು ಮಾತ್ರ. “ನೋಡವಾ ನೀಲಗಂಗಾ, ಎಷ್ಟ್ ಓದ್ಯಾರ ಮಾರಾಯರು” ಎಂದು ಭಾವ ಚಪ್ಪಲಿ ಬಿಡುವ ಮೊದಲೇ ಮರುಳಾದರು. ಒಳಗೆ ಭಾವ ಕೇಳಿದ ಪ್ರಶ್ನೆಗಳನ್ನು ನೆನೆದರೆ ಇಂದೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮೂಲ ಊರು ಯಾವುದು, ತಾಯಿಯ ತವರು ಎಲ್ಲಿ, ಹುಲಕೋಟಿಯ ಸಾಲಿಮಠರು ನಿಮಗೇನಾಗಬೇಕು. ಓದಿನ ಬಗ್ಗೆ ಒಂದು ಮಾತಿಲ್ಲ. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಭಾವ ಕಣ್ಣು ಬಿಟ್ಟರು. ಮನೆಯಲ್ಲಿ ಸಿಹಿಯ ಮುಖವನ್ನೇ ಕಾಣದಿದ್ದ ನನ್ನ ಯಜಮಾನರು ಅಷ್ಟರಲ್ಲಿ ಶಿರಾದ ತಟ್ಟೆ ಖಾಲಿ ಮಾಡಿ ಬೆರಳು ನೆಕ್ಕುತ್ತಿದ್ದರು.

ಆಮೇಲೆ ಒಂದು ತಿಂಗಳು ಸಾಲಿಮಠರು ನೋಡಿದರು. ಒಳ್ಳೆಯ ಮನುಷ್ಯ, ಮೃದುವಾಗಿ ಮಾತಾಡುತ್ತಿದ್ದರು. ಬಿಡಿವೈದ್ಯರು ಕೊಟ್ಟ ಯಾವ ಮಾತ್ರೆಯನ್ನೂ ಅವರು ನಿಲ್ಲಿಸಲಿಲ್ಲ, ತುರಿಕೆಗೆ ಒಂದು ಮುಲಾಮು ಸೇರಿಸಿದರು. ಬಾವು ಮೊಣಕಾಲಿಗೇರಿತು. ಒಂದು ಬೆಳಿಗ್ಗೆ ಯಜಮಾನರು ನನ್ನನ್ನು ತಮ್ಮ ಅಕ್ಕನ ಹೆಸರಿನಿಂದ ಕರೆದರು. ನಾನು ಓಗೊಟ್ಟೆ, ಅಡುಗೆಮನೆಗೆ ಹೋಗಿ ಅತ್ತೆ. ಮುಕ್ತಾ ಅಂದೇ ಮುಂಡರಗಿಯಿಂದ ಬಂದು ನಮ್ಮೂರಿನಲ್ಲೇ ನೆಲೆಸಿದ ಡಾಕ್ಟರ್ ಫರೀದಾ ನದಾಫರನ್ನು ವಿಚಾರಿಸಿಕೊಂಡು ಬಂದಳು. ಬಾಗಿಲ ಮೇಲೆ ಬಿಳಿಯದೊಂದು, ಹಸಿರಿನದೊಂದು, ಎರಡೇ ದೀಪ. ಅವುಗಳ ಅರ್ಥವನ್ನು ಮಗಳಿಗೆ ಬಿಡಿಸಿ ಹೇಳಿದವರು ಅವರೇ. ಆದರೆ ಕಟ್ಟುಬಿದ್ದ ರೋಗಿಯನ್ನು ತಾವು ಮುಟ್ಟುವಂತಿಲ್ಲ ಎಂದು ಕೈ ಮುಗಿದರಂತೆ. ಕಟ್ಟು ಬಿಚ್ಚಲು ದಾರಿ ಒಂದೇ. ಮನೆಯವರು ಮೊದಲಿನ ವೈದ್ಯರ ಎದುರು ನಿಂತು ಹಸಿರು ದೀಪ ತೋರಿಸಿ ಎಂದು ಕೇಳಬೇಕು, ಅವರಲ್ಲಿ ಇಲ್ಲದಿದ್ದರೆ ಕಟ್ಟು ತಾನಾಗಿ ಬಿಚ್ಚುತ್ತದೆ. ನಮ್ಮ ಊರಿನಲ್ಲಿ ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮದುವೆಯಾಗಿ ಬಂದ ಹೆಣ್ಣಿನ ಹಲ್ಲು ಎಣಿಸಿದಂತೆ ಅದು.

ಭಾವ ಬರಲು ಒಪ್ಪಲಿಲ್ಲ. “ಉಂಡ ಮನಿಗೆ ಎರಡು ಬಗಿಬಾರದವಾ. ನಾ ನಾಳೆ ಯಾವ ಮುಖಾ ಇಟ್ಕೊಂಡು ಅವರ ಓಣ್ಯಾಗ ಅಡ್ಡಾಡ್ಲಿ?” ಎಂದರು. ಅವರಿಗೆ ತಮ್ಮನ ಮೇಲೆ ಪ್ರೀತಿಯಿಲ್ಲವೆಂದಲ್ಲ, ತಮ್ಮನ ಪಾದ ಒತ್ತುತ್ತಲೇ ಈ ಮಾತು ಹೇಳಿದರು. ನಾನೂ ಮುಕ್ತಾಳೂ ಹೋದೆವು. ಡಾಕ್ಟರ್ ಸಾಲಿಮಠರು ಬಾಗಿಲಿಗೆ ಬಂದರು. “ಯಜಮಾನ್ರಿಗೆ ಹೆಂಗದರಿ?” ಎಂದು ಕೇಳಿದರು. ನಾನು ನೇರವಾಗಿ, “ಡಾಕ್ಟರ್ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇದರಾಗ ಹಸಿರು ದೀಪ ಯಾವುದ್ರಿ?” ಎಂದೆ.

ಅವರು ತಮ್ಮದೇ ಬಾಗಿಲನ್ನು ತಲೆಯೆತ್ತಿ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜಗಲಿಯ ಮೇಲೆ ಕುಳಿತುಬಿಟ್ಟರು. “ಇಲ್ರೀ ಅವ್ವಾರ. ನಾ ಕಲ್ತಿದ್ದು ಚರ್ಮದ ವೈದ್ಯ. ಜನಾ ಒಟ್ಟುವೈದ್ಯರು ಅಂತ ತಿಳ್ಕೊಂಡು ಬಂದ್ರು, ನಾನೂ ಅಲ್ಲ ಅನ್ನಲಿಲ್ಲ. ಇಷ್ಟ್ ವರ್ಷದಾಗ ಯಾರೂ ಕೇಳಲಿಲ್ರೀ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೊರೆ ಇಳಿಸಿದವರ ನಿಟ್ಟುಸಿರಿತ್ತು. ನನಗೆ ಮಾತ್ರ ಸಿಟ್ಟು ಬಂತು. ಅದು ಅವರ ಮೇಲೋ, ಭಾವನ ಮೇಲೋ, ನಮ್ಮ ಊರಿನ ಮರ್ಯಾದೆಯ ಮೇಲೋ ಇಂದಿಗೂ ಗೊತ್ತಾಗಿಲ್ಲ. ಅವರು ಕಟ್ಟು ಬಿಚ್ಚಿದರು.

ಡಾಕ್ಟರ್ ಫರೀದಾ ಉಪ್ಪಿಟ್ಟು ಕೊಡಲಿಲ್ಲ. ಮೊದಲು ಯಜಮಾನರ ಪಾದವನ್ನು ಒತ್ತಿ, ಬೆರಳು ಇಳಿದ ಗುಳಿ ಮೇಲೇಳುವುದನ್ನು ನೋಡುತ್ತ ಕುಳಿತರು. ಆಮೇಲೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬನ್ನಿ ಎಂದರು. ತಂದು ಮುಂದೆ ಸುರಿದಾಗ ಮೊಣಕಾಲಿನ ನೋವಿನ ಮಾತ್ರೆಯನ್ನು ಅಲ್ಲಿಯೇ ತೆಗೆದಿಟ್ಟರು. ಅದೂ ಎದೆಯವರು ಕೊಟ್ಟದ್ದೂ ಕೂಡಿ ಮೂತ್ರಪಿಂಡಗಳನ್ನು ಹಣ್ಣು ಮಾಡಿದ್ದವು. ಉಳಿಯುತ್ತಾರೆಯೇ ಎಂದು ಕೇಳಿದೆ. ಸುಳ್ಳು ಹೇಳುವ ಜಾಣತನ ಅವರಿಗಿಲ್ಲ. “ಪ್ರಯತ್ನ ಮಾಡೂಣ್ರಿ. ಒಂದು ತಿಂಗಳ ಮೊದಲ ಬಂದಿದ್ರ ನಾ ಧೈರ್ಯಾ ಹೇಳ್ತಿದ್ದೆ” ಎಂದರು.

ಆ ತಿಂಗಳನ್ನು ನಾನು ದಿನವೂ ಮನಸ್ಸಿನಲ್ಲಿ ತಿರುವಿ ಹಾಕುತ್ತೇನೆ. ಅದನ್ನು ಕಳ್ಳರು ಕದ್ದೊಯ್ಯಲಿಲ್ಲ, ಜಡ್ಡು ಸಹ ಕಸಿಯಲಿಲ್ಲ. ನಾವು ಸಂಕೋಚದಿಂದ ಕೊಟ್ಟುಬಿಟ್ಟೆವು.

ಹಿರಿಯರೇ, ನಿಮ್ಮ ಕಾಲದಲ್ಲಿ ಇಂಥ ಶಾಸ್ತ್ರವಿರಲಿಲ್ಲ ಎಂದು ಓದಿದ್ದೇನೆ. ನಿಮ್ಮ ವೈದ್ಯರ ಫಲಕದ ಮೇಲೆ ಎಂ.ಬಿ.ಬಿ.ಎಸ್., ಎಂ.ಡಿ. ಎಂದೆಲ್ಲ ಅಕ್ಷರಗಳಿರುತ್ತಿದ್ದವಂತೆ. ಚರ್ಮ ಕಲಿತವರಿಗೂ ಎಂ.ಡಿ., ಒಳಗಿನ ಕಾಯಿಲೆ ಕಲಿತವರಿಗೂ ಎಂ.ಡಿ. ಅಕ್ಷರಗಳನ್ನು ಎಣಿಸಬೇಡಿ, ಯಾವುದರಲ್ಲಿ ಎಂ.ಡಿ. ಎಂದು ಕೇಳಿ. ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮುಂದಿಟ್ಟು, ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಿ. ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಬೇಸರಿಸಿದರೂ ಅವರ ಬೇಸರ ಸಂಜೆಗೆ ಮರೆತುಹೋಗುತ್ತದೆ. ಕೇಳುವುದನ್ನು ನೀವು ರೂಢಿ ಮಾಡಿದರೆ ಅದು ನಿಮ್ಮ ಮಕ್ಕಳಿಗೂ, ಅವರ ಮಕ್ಕಳಿಗೂ ಇಳಿದು ಬಂದು, ಒಂದು ದಿನ ನನ್ನ ಭಾವನ ಬಾಯಿಗೂ ಬರಬಹುದು. ಹಾಗಾದರೆ ನನಗೆ ಆ ತಿಂಗಳು ವಾಪಸ್ಸು ಸಿಕ್ಕೀತು ಎಂಬ ಹುಚ್ಚು ಆಸೆ ನನ್ನದು.

ಮುಕ್ತಾ ಬಾಗಿಲಿಗೆ ಬಂದು ನಿಂತಿದ್ದಾಳೆ. ಒಳಗೆ ಬಾ ಎಂದು ಕೈ ಮಾಡುತ್ತಿದ್ದಾಳೆ, ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ನಾನು ಹೋಗಬೇಕು. ನೀವು ನನಗಿಂತ ಮೊದಲಿನವರು, ನಿಮಗೆ ಇನ್ನೂ ಸಮಯವಿದೆ. ಕೇಳಿ.